ಒಳಗೆ ಯಾರು ನೋಡುತ್ತಾರೆ?

2023ರ ಅಕ್ಟೋಬರ್ ಕೊನೆಯಲ್ಲಿ ಮುಂಬೈಯ ರಸ್ತೆಗಳಿಂದ ಕಪ್ಪು-ಹಳದಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ನಿವೃತ್ತವಾಯಿತು. ಆ ಊರಿನಲ್ಲಿ ಟ್ಯಾಕ್ಸಿಯ ಆಯುಷ್ಯಕ್ಕೆ 20 ವರ್ಷದ ಮಿತಿಯಿದೆ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್‌ನಲ್ಲಿ. ಪತ್ರಿಕೆಗಳಲ್ಲಿ ವಿದಾಯದ ಬರಹಗಳು ಬಂದವು, ಜನ ಫೋಟೋ ತೆಗೆಸಿಕೊಂಡರು. ಆದರೆ ಪದ್ಮಿನಿ ಅಲ್ಲಿಗೆ ಮುಗಿಯಲಿಲ್ಲ. ಟ್ಯಾಕ್ಸಿಯಲ್ಲದ ಪದ್ಮಿನಿಗಳು ಹೌಸಿಂಗ್ ಸೊಸೈಟಿಗಳ ಮೂಲೆಯಲ್ಲಿ, ಹಳೆಯ ಬಂಗಲೆಗಳ ಶೆಡ್ಡಿನಲ್ಲಿ ಇನ್ನೂ ಇವೆ. ಬುಕಿಂಗ್ ಮಾಡಿ ವರ್ಷಗಟ್ಟಲೆ ಕಾದು ಕಾರು ಕೊಳ್ಳಬೇಕಿದ್ದ ಕಾಲದಲ್ಲಿ ಅಪ್ಪ ಕೊಂಡದ್ದು, ಬೇಸಿಗೆ ರಜೆಯಲ್ಲಿ ಡಿಕ್ಕಿ ತುಂಬಾ ಸಾಮಾನು ಹೇರಿಕೊಂಡು ಊರಿಗೆ ಹೋದದ್ದು, ಅಪ್ಪ ಹೋದ ಮೇಲೆ ಮಾರಲು ಮನಸ್ಸು ಬಾರದೆ ಉಳಿದದ್ದು. ಮುಂಬೈ, ಪುಣೆಯ ಎಷ್ಟೋ ಕನ್ನಡ ಮನೆಗಳಲ್ಲೂ ಇಂಥ ಕಾರಿನ ನೆನಪಿದೆ. ಕೆಲವು ಮನೆಗಳಲ್ಲಿ ಕಾರೇ ಇದೆ.

ಇಂಥ ಕಾರಿಗೆ ಒಂದು ದಿನ ಮರುಜನ್ಮ ಕೊಡಿಸುವ ಆಸೆ ಹುಟ್ಟುತ್ತದೆ. ಗ್ಯಾರೇಜಿಗೆ ಹೋಗುತ್ತದೆ. ತಿಂಗಳುಗಳು ಕಳೆಯುತ್ತವೆ, ಬಿಲ್ಲು ಬೆಳೆಯುತ್ತದೆ. ಕೊನೆಗೆ ಕನ್ನಡಿಯಂತೆ ಹೊಳೆಯುವ ಬಣ್ಣ, ಹೊಸ ಕ್ರೋಮ್, ಹೊಸ ಸೀಟು. ಪೂಜೆಯಾಗುತ್ತದೆ, ಗಾಲಿಗೆ ನಿಂಬೆಹಣ್ಣು ಇಡಲಾಗುತ್ತದೆ. ಒಂದು ಮಳೆಗಾಲ ಕಳೆಯುತ್ತದೆ, ಎರಡನೆಯದೂ ಕಳೆಯುತ್ತದೆ. ಬಾಗಿಲಿನ ಕೆಳ ಅಂಚಿನಲ್ಲಿ ಸಾಸಿವೆಕಾಳಿನಷ್ಟು ಒಂದು ಗುಳ್ಳೆ ಕಾಣುತ್ತದೆ. ಅದನ್ನು ಉಗುರಿನಿಂದ ಕೆರೆದರೆ ಬಣ್ಣದ ಹಿಂದೆ ಪುಟ್ಟಿ, ಪುಟ್ಟಿಯ ಹಿಂದೆ ಕೆಂಪು ಪುಡಿ, ಪುಡಿಯ ಹಿಂದೆ ಏನೂ ಇಲ್ಲ.

ಹೀಗಾಗುವುದಕ್ಕೆ ಕಾರಣ ಬಹಳ ಸಲ ಒಂದೇ ಒಂದು ಮಾತು. ಬಾಗಿಲಿನ ಒಳಮೈಗೆ, ತಳದ ಪೊಳ್ಳು ತೊಲೆಗಳಿಗೆ ಏನಾದರೂ ಹಚ್ಚಬೇಕಲ್ಲ ಎಂದು ಯಜಮಾನ ಕೇಳಿದಾಗ ಗ್ಯಾರೇಜಿನಲ್ಲಿ ಸಿಗುವ ಉತ್ತರ: "ಒಳಗೆ ಯಾರು ನೋಡ್ತಾರೆ ಸೇಠ್?" ಯಜಮಾನನೂ ತಲೆಯಾಡಿಸುತ್ತಾನೆ. ಒಳಗೆ ಯಾರೂ ನೋಡುವುದಿಲ್ಲ ನಿಜ. ನೀರು ಮಾತ್ರ ಅಲ್ಲಿಗೇ ಹೋಗಿ ಕೂರುತ್ತದೆ.

ಹಳೆಯ ಕಾರನ್ನು ಉಳಿಸುವವರು ತಮ್ಮ ಹಣ, ಗಮನ, ಹೆಮ್ಮೆಯನ್ನೆಲ್ಲ ಕಾಣುವ ಕಡೆಗೆ ಸುರಿಯುತ್ತಿದ್ದಾರೆ. ಕಾರು ಸಾಯುವುದು ಕಾಣದ ಕಡೆಯಿಂದ. ರೆಸ್ಟೊರೇಶನ್ ಎಂಬುದು ಗ್ಯಾರೇಜಿನಿಂದ ಕಾರು ಹೊರಬಂದ ದಿನ ಮುಗಿಯುವ ಕೆಲಸವೂ ಅಲ್ಲ. ಆ ದಿನ ಶುರುವಾಗುವ ಕೆಲಸಕ್ಕೆ ಸಿದ್ಧವಿಲ್ಲದವರು ಬಣ್ಣಕ್ಕೆ ಲಕ್ಷಗಟ್ಟಲೆ ಸುರಿಯುವುದು ವ್ಯರ್ಥ.

ತುಕ್ಕಿನ ವಿಷಯ ಹೊಸದಲ್ಲ. ಕಬ್ಬಿಣ, ನೀರು, ಗಾಳಿಯ ಆಮ್ಲಜನಕ, ಈ ಮೂರು ಸೇರಿದಲ್ಲಿ ತುಕ್ಕು. ಲೋಹದ ಮೇಲಿನ ನೀರಿನ ತೆಳು ಪದರದಲ್ಲಿ ಒಂದು ಸಣ್ಣ ಬ್ಯಾಟರಿಯಂತೆ ಈ ಕ್ರಿಯೆ ನಡೆಯುತ್ತದೆ. ನೀರಿಗೆ ಉಪ್ಪು ಬೆರೆತರೆ ಅದರಲ್ಲಿ ವಿದ್ಯುತ್ತು ಸರಾಗವಾಗಿ ಹರಿದು ತುಕ್ಕಿನ ವೇಗ ಹೆಚ್ಚುತ್ತದೆ. ಇದಕ್ಕೆ ಮಳೆಯೇ ಬರಬೇಕೆಂದಿಲ್ಲ. ಮಳೆಗಾಲದಲ್ಲಿ ಅಡುಗೆಮನೆಯ ಭರಣಿಯಲ್ಲಿ ಕಲ್ಲುಪ್ಪು ತಾನಾಗಿಯೇ ನೀರೊಡೆಯುವುದನ್ನು ಎಲ್ಲರೂ ನೋಡಿದ್ದಾರೆ. ಗಾಳಿಯ ತೇವಾಂಶ ಶೇಕಡಾ 75ರ ಆಸುಪಾಸು ದಾಟಿದರೆ ಶುದ್ಧ ಉಪ್ಪು ಕೂಡ ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಲವಣಗಳು ಅದಕ್ಕಿಂತ ಕಡಿಮೆ ತೇವದಲ್ಲೂ ಒದ್ದೆಯಾಗುತ್ತವೆ. ಮುಂಬೈ, ಚೆನ್ನೈಯ ಕಡಲಗಾಳಿ ಹೊತ್ತು ತಂದ ಉಪ್ಪಿನ ಕಣ ಬಾಗಿಲಿನ ಸಂದಿಯಲ್ಲಿ ಕೂತರೆ, ಒಂದು ಹನಿ ಮಳೆ ಬೀಳದಿದ್ದರೂ ಆ ಸಂದಿ ದಿನವಿಡೀ ಒದ್ದೆಯೇ.

ತುಕ್ಕಿಗೆ ಇನ್ನೊಂದು ಗುಣವಿದೆ. ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಅದು ಆಕ್ರಮಿಸುತ್ತದೆ. ಎರಡು ತಗಡುಗಳನ್ನು ಬೆಸೆದ ಸಂದಿಯಲ್ಲಿ ತುಕ್ಕು ಹುಟ್ಟಿದರೆ ಅದು ಉಬ್ಬಿ ಆ ತಗಡುಗಳನ್ನೇ ಬೇರ್ಪಡಿಸುತ್ತದೆ, ಇನ್ನಷ್ಟು ನೀರಿಗೆ ದಾರಿ ಮಾಡಿಕೊಡುತ್ತದೆ. ಹೊರಗಿನ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ಕೆಲಸ ಮುಗಿದಿರುತ್ತದೆ.

"ಹಳೆಯ ಕಾಲದ ಕಬ್ಬಿಣ ಗಟ್ಟಿ, ದೆಹಲಿಯ ಕಂಬ ನೋಡಿ" ಎನ್ನುವವರಿದ್ದಾರೆ. ದೆಹಲಿಯ ಮೆಹ್ರೌಲಿಯ ಕಬ್ಬಿಣದ ಕಂಬ ಸುಮಾರು 1600 ವರ್ಷಗಳಿಂದ ಬಯಲಿನಲ್ಲಿ ನಿಂತಿರುವುದು ನಿಜ. ವರ್ಷಕ್ಕೆ ತಿಂಗಳುಗಟ್ಟಲೆ ಮಳೆ ಸುರಿಯುವ ಕೊಡಚಾದ್ರಿಯ ಮೇಲೆ, ಮೂಲ ಮೂಕಾಂಬಿಕೆಯ ಗುಡಿಯ ಬಳಿ ನಿಂತಿರುವ ಕಬ್ಬಿಣದ ಕಂಬವನ್ನು ಚಾರಣಕ್ಕೆ ಹೋದ ಕನ್ನಡಿಗರು ಕಂಡಿದ್ದಾರೆ. ಆದರೆ ದೆಹಲಿಯ ಕಂಬದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅದು ಮೈಮೇಲೆ ಒಂದು ರಕ್ಷಾಪದರ ಕಟ್ಟಲು ನೆರವಾಗಿದೆ ಎಂದು ಐಐಟಿ ಕಾನ್ಪುರದ ಆರ್. ಬಾಲಸುಬ್ರಹ್ಮಣ್ಯಂ ವಿವರಿಸಿದ್ದರು. ಆ ಪದರ ಗಟ್ಟಿಯಾಗುವುದು ಕಂಬ ಮತ್ತೆ ಮತ್ತೆ ಒದ್ದೆಯಾಗಿ ಮತ್ತೆ ಮತ್ತೆ ಒಣಗುವುದರಿಂದ. ಅದೇ ಕಂಬದ ನೆಲದಲ್ಲಿ ಹೂತ ಭಾಗಕ್ಕೆ ತುಕ್ಕು ಹಿಡಿದಿದೆ. ಕಾರಿನ ತಗಡಿಗೆ ಆ ರಂಜಕವೂ ಇಲ್ಲ, ಆ ದಪ್ಪವೂ ಇಲ್ಲ. ಒಂದು ಮಿಲಿಮೀಟರಿನ ಆಸುಪಾಸಿನ ತಗಡು ಅದು. ಕಂಬದಿಂದ ಕಲಿಯಬೇಕಾದದ್ದು ಇಷ್ಟೇ: ಗಾಳಿಯಾಡಿ ಒಣಗುವ ಮೈ ಉಳಿಯುತ್ತದೆ, ಒದ್ದೆಯಲ್ಲಿ ಹೂತದ್ದು ಹಾಳಾಗುತ್ತದೆ.

ಪದ್ಮಿನಿಯ ಹುಟ್ಟಿನಲ್ಲೇ ಇದರ ತೀವ್ರತೆ ಅಡಗಿದೆ. ವಾಲಚಂದ್ ಹೀರಾಚಂದ್ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದ್ದು 1944ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭಿಸಿದ್ದವರೂ ಅವರೇ. ಕುರ್ಲಾದ ಕಾರ್ಖಾನೆಯಲ್ಲಿ ತಯಾರಾದ ಫಿಯಟ್ 1100 ಕಾರೇ 1974ರಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ಅದರಲ್ಲಿ ಲಾರಿಗಿರುವಂಥ ಬೇರೆ ಚಾಸಿಸ್ ಇಲ್ಲ. ತಳ, ಬಾಗಿಲಿನ ಕಂಬಗಳು, ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾದುಹೋಗುವ ಪೊಳ್ಳು ತೊಲೆಗಳು, ಅಂದರೆ ಸಿಲ್‌ಗಳು, ಎಲ್ಲ ಸೇರಿಯೇ ಕಾರಿನ ಅಸ್ಥಿಪಂಜರ. ಅಂಬಾಸಡರ್‌ನದೂ ಇದೇ ಬಗೆಯ ರಚನೆ. ಯುದ್ಧಪೂರ್ವದ ಬಹುತೇಕ ಕಾರುಗಳಲ್ಲಿ ಬಾಡಿಗೆ ತುಕ್ಕು ಹಿಡಿದರೂ ಕೆಳಗಿನ ಚಾಸಿಸ್ ಕಾರನ್ನು ಹೊತ್ತು ನಿಲ್ಲುತ್ತಿತ್ತು. ಪದ್ಮಿನಿಯಲ್ಲಿ ಸಿಲ್ ಹೋಯಿತೆಂದರೆ ಬೆನ್ನುಮೂಳೆ ಹೋದಂತೆ. ಜಾಕ್ ಹಾಕಿ ಎತ್ತಿದಾಗ ಬಾಗಿಲು ಮುಚ್ಚಿಕೊಳ್ಳದಿದ್ದರೆ, ಅಪಘಾತದಲ್ಲಿ ಒಳಗಿನವರನ್ನು ಕಾಯಬೇಕಾದ ತೊಲೆ ಪುಟ್ಟಿ ಮತ್ತು ಬಣ್ಣದ ಮೇಲೆ ನಿಂತಿದೆ ಎಂದೇ ಅರ್ಥ. ತುಕ್ಕನ್ನು ಬರೀ ಅಂದಚೆಂದದ ಪ್ರಶ್ನೆಯಾಗಿ ನೋಡುವುದು ಅದಕ್ಕಾಗಿಯೇ ತಪ್ಪು. ಅಪ್ಪನ ಕಾರಿನಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಈ ಮಾತನ್ನು ನೆನಪಿಡಬೇಕು.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು ನಿರ್ದಯವಾಗಿ ಕತ್ತರಿಸುವುದು. ತುಕ್ಕು ತಿಂದ ತಗಡನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆದು ಹೊಸ ತಗಡು ಬೆಸೆಯಬೇಕು. ಹಳೆಯದರ ಮೇಲೆ ತೇಪೆ ಹಾಕಿದರೆ ಎರಡು ತಗಡುಗಳ ನಡುವೆ ನೀರಿಗೊಂದು ಮನೆ ಕಟ್ಟಿಕೊಟ್ಟಂತೆ. ತುಕ್ಕನ್ನು ಕಪ್ಪು ಪದರವಾಗಿ ಮಾರ್ಪಡಿಸುವ ರಾಸಾಯನಿಕಗಳು ಮೇಲ್ಮೈಯ ತೆಳು ತುಕ್ಕಿಗೆ ಸರಿ. ತೂತು ಬಿದ್ದ ತಗಡನ್ನು ಅವು ಗಟ್ಟಿ ಮಾಡಲಾರವು. ಎರಡನೆಯದು ಪ್ರೈಮರ್. ಮಟ್ಟಸ ಮಾಡಲು ಬಳಸುವ ಸಾಮಾನ್ಯ ಸರ್ಫೇಸರ್ ಸ್ಪಂಜಿನಂತೆ ತೇವ ಹೀರುತ್ತದೆ. ಬರೀ ಲೋಹದ ಮೇಲೆ ಮೊದಲು ಎರಡು ಭಾಗ ಬೆರೆಸಿ ಹಚ್ಚುವ ಎಪಾಕ್ಸಿ ಪ್ರೈಮರ್ ಬರಬೇಕು, ಬೆಸೆದ ಜೋಡುಗಳಿಗೆ ಸೀಲರ್ ಬೀಳಬೇಕು. ಸರ್ಫೇಸರ್ ಬಳಿದ ಕಾರನ್ನು ಪೇಂಟರ್ ಬರಲಿಲ್ಲವೆಂದು ಜುಲೈ ತಿಂಗಳಿಡೀ ಶೆಡ್ಡಿನಲ್ಲಿ ಹಾಗೇ ಬಿಟ್ಟರೆ, ಮೇಲೆ ಬರುವ ಬಣ್ಣ ಎಷ್ಟೇ ದುಬಾರಿಯಾದರೂ ಅದರ ಕೆಳಗೆ ತೇವ ಸೇರಿಕೊಂಡಿರುತ್ತದೆ.

ಮೂರನೆಯದು, ಎಲ್ಲರೂ ಬಿಟ್ಟುಬಿಡುವ ಕೆಲಸ: ಪೊಳ್ಳುಗಳಿಗೆ ಮೇಣ. ಕ್ಯಾವಿಟಿ ವ್ಯಾಕ್ಸ್ ಎಂದು ಕರೆಯುವ ಈ ದ್ರವವನ್ನು ಉದ್ದ ನಳಿಕೆಯಿಂದ ಸಿಲ್, ಬಾಗಿಲು, ಕಂಬ, ಬಾನೆಟ್ ಮತ್ತು ಡಿಕ್ಕಿಯ ಮಡಿಕೆಗಳ ಒಳಗೆ ಸಿಂಪಡಿಸಲಾಗುತ್ತದೆ. ಅದು ತಗಡಿನ ಜೋಡುಗಳೊಳಗೆ ತಾನಾಗಿ ಹರಿದು, ತೆಳುಕಾರಕ ಆರಿದ ಮೇಲೆ ಮೆತ್ತಗಿನ ಪದರವಾಗಿ ಉಳಿಯುತ್ತದೆ. ಮೆತ್ತಗಿರುವುದರಿಂದ ಬಿರುಕು ಬಿಡುವುದಿಲ್ಲ. ಬೆಚ್ಚಗಿನ ದಿನಗಳಲ್ಲಿ ಇದು ಹೆಚ್ಚು ಚೆನ್ನಾಗಿ ಹರಿಯುತ್ತದೆ, ಒಳಗಿನ ತೇವವೂ ಆರಿರುತ್ತದೆ. ಹಾಗಾಗಿ ಇದಕ್ಕೆ ಹೊತ್ತು ಏಪ್ರಿಲ್-ಮೇ. ಮಲೆನಾಡು, ಕರಾವಳಿಯಲ್ಲಿ ಮಳೆಗೆ ಮುಂಚೆ ಮಾಡು ಹತ್ತಿ ಹಂಚು ಸರಿಪಡಿಸುತ್ತಾರಲ್ಲ, ಅದೇ ಲೆಕ್ಕ. ಹಂಚಿನಂತೆಯೇ ಇದನ್ನೂ ಒಮ್ಮೆ ಮಾಡಿ ಮರೆಯುವಂತಿಲ್ಲ. ಎರಡು-ಮೂರು ವರ್ಷಕ್ಕೊಮ್ಮೆ ನೋಡಿ ಮತ್ತೆ ಸಿಂಪಡಿಸಬೇಕು.

ನಾಲ್ಕನೆಯದು ಕಾಸಿಲ್ಲದ ಕೆಲಸ. ಬಾಗಿಲಿನ ಗಾಜಿನ ಪಟ್ಟಿಯ ಮೂಲಕ ಮಳೆನೀರು ಒಳಗಿಳಿಯುವುದು ಸಹಜ. ಅದು ಹೊರಹೋಗಲೆಂದೇ ಬಾಗಿಲಿನ ಅಡಿಯಲ್ಲಿ ತೂತುಗಳಿವೆ. ಕೆಸರು, ಎಲೆ, ಹೊಸ ಬಣ್ಣ ಅಥವಾ ಸೀಲರ್ ಕೂತು ಆ ತೂತುಗಳು ಮುಚ್ಚಿಕೊಳ್ಳುತ್ತವೆ. ಒಂದು ಸೈಕಲ್ ಕಡ್ಡಿ ಸಾಕು ಅವನ್ನು ಬಿಡಿಸಲು. ಮಡ್‌ಗಾರ್ಡಿನ ಒಳಗೆ ಕೂತ ಮಣ್ಣನ್ನು ಪೈಪು ಹಿಡಿದು ತೊಳೆಯುವುದು, ತಳದ ಕಾರ್ಪೆಟ್ ಎತ್ತಿ ಕೈಯಿಂದ ತೇವ ಮುಟ್ಟಿ ನೋಡುವುದು, ಇದಕ್ಕೆ ಮೆಕ್ಯಾನಿಕ್ ಬೇಡ, ಭಾನುವಾರದ ಒಂದು ಗಂಟೆ ಸಾಕು.

ಇದರ ಬದಲಿಗೆ ಚಲಾವಣೆಯಲ್ಲಿರುವ ಮನೆಮದ್ದುಗಳು ಬೇರೆ. ತಳಕ್ಕೆ ದಪ್ಪ ಕಪ್ಪು ರಬ್ಬರ್ ಕೋಟಿಂಗ್ ಹೊಡೆಸುವುದು ಅವುಗಳಲ್ಲಿ ಜನಪ್ರಿಯ. ಶುದ್ಧವಾದ, ಪ್ರೈಮರ್ ಬಳಿದ ಲೋಹದ ಮೇಲೆ ಅದು ಕಲ್ಲೇಟಿನಿಂದ ಕಾಯುತ್ತದೆ. ತುಕ್ಕಿನ ಮೇಲೆ ಹೊಡೆದರೆ ತುಕ್ಕಿಗೆ ಕಂಬಳಿ ಹೊದಿಸಿದಂತೆ. ವರ್ಷಗಳು ಕಳೆದಂತೆ ಅದು ಗಡಸಾಗಿ ಸೀಳುತ್ತದೆ. ಸೀಳಿನಲ್ಲಿ ನುಗ್ಗಿದ ನೀರಿಗೆ ಹೊರಬರಲು ದಾರಿಯಿರುವುದಿಲ್ಲ. ಹಳೆ ಕಾರು ಮಾರುವವರು ತಳಕ್ಕೆ ಹೊಸದಾಗಿ ಕಪ್ಪು ಬಳಿದಿದ್ದರೆ ಕೊಳ್ಳುವವರು ಇನ್ನೊಮ್ಮೆ ಯೋಚಿಸಬೇಕು. ಎಂಜಿನ್‌ನಿಂದ ತೆಗೆದ ಹಳೆ ಆಯಿಲ್ ಬಳಿಯುವುದು ಇನ್ನೊಂದು ಪದ್ಧತಿ. ಅದರಲ್ಲಿ ದಹನದಿಂದ ಬಂದ ಆಮ್ಲೀಯ ಕೊಳೆಯಿರುತ್ತದೆ, ರಬ್ಬರ್ ಬುಷ್‌ಗಳನ್ನು ಅದು ಉಬ್ಬಿಸಿ ಕೆಡಿಸುತ್ತದೆ, ತೊಟ್ಟಿಕ್ಕಿ ನೆಲ ಹಾಳು ಮಾಡುತ್ತದೆ. ಹಳೆ ಕಾಲದವರು ಬೇರೇನೂ ಸಿಗದೆ ಮಾಡಿದ್ದನ್ನು ಎಲ್ಲ ಸಿಗುವ ಕಾಲದಲ್ಲಿ ಮುಂದುವರಿಸಬೇಕಿಲ್ಲ.

ಕವರಿನ ವಿಷಯವೂ ಹೀಗೆಯೇ. ಪ್ಲಾಸ್ಟಿಕ್ ಹೊದಿಕೆ ಮಳೆಯನ್ನು ತಡೆಯುತ್ತದೆ, ಜೊತೆಗೆ ನೆಲದಿಂದ ಏಳುವ ಆವಿಯನ್ನೂ ಒಳಗೇ ಹಿಡಿದಿಡುತ್ತದೆ. ರಾತ್ರಿ ತಣ್ಣಗಾದ ತಗಡಿನ ಮೇಲೆ ಆ ಆವಿ ಹನಿಯಾಗುತ್ತದೆ. ಒದ್ದೆ ಕಾರಿಗೆ ಕವರ್ ಹೊದಿಸುವುದಂತೂ ಒದ್ದೆ ಬಟ್ಟೆಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಂತೆ. ಸೂರು ಇರುವ, ನಾಲ್ಕೂ ಕಡೆ ಗಾಳಿಯಾಡುವ ಸ್ಟಿಲ್ಟ್ ಪಾರ್ಕಿಂಗ್ ಮತ್ತು ಉಸಿರಾಡುವ ಬಟ್ಟೆಯ ಕವರ್ ಇದಕ್ಕಿಂತ ಎಷ್ಟೋ ಮೇಲು. ಚೆನ್ನೈಯವರು 2015ರ ಮತ್ತು 2023ರ ಡಿಸೆಂಬರ್‌ಗಳ ನೆರೆಯ ನಂತರ ಬೇಸ್‌ಮೆಂಟಿನ ಆಸೆ ಬಿಟ್ಟಿರಬೇಕು. ಹೈದರಾಬಾದ್, ಪುಣೆಯ ಒಣಹವೆಯಲ್ಲಿ ತುಕ್ಕು ನಿಧಾನ ಎಂಬುದು ಸಮಾಧಾನದ ಮಾತು. ಆದರೆ ಕಡಲೂರಿನಿಂದ ಕೊಂಡುತಂದ ಕಾರಿನ ಸಂದಿಗಳಲ್ಲಿ ಉಪ್ಪು ಜೊತೆಯಲ್ಲೇ ಬಂದಿರುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಕಾರನ್ನು ನಿಲ್ಲಿಸಿಡುವುದು. ಹಾಳಾದೀತೆಂದು ಹೊರಗೆ ತೆಗೆಯದೆ, ಭಾನುವಾರ ಐದು ನಿಮಿಷ ನಿಂತಲ್ಲೇ ಸ್ಟಾರ್ಟ್ ಮಾಡಿ ಆರಿಸುವುದು ಅನೇಕ ಮನೆಗಳ ವ್ರತ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾದರೆ ಅದು ಹೊರಗೆ ಹೋಗುತ್ತದೆ. ಐದು ನಿಮಿಷದಲ್ಲಿ ಆರಿಸಿದರೆ ಸೈಲೆನ್ಸರಿನೊಳಗೆ ಮತ್ತು ಎಂಜಿನ್ ಆಯಿಲಿನಲ್ಲಿ ಉಳಿಯುತ್ತದೆ. ಅಂದರೆ ಆ ವ್ರತ ಪ್ರತಿ ವಾರ ಕಾರಿನೊಳಗೆ ನೀರು ಹುಯ್ಯುವ ವ್ರತ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಸ್ವಭಾವದ್ದು. ನಿಂತ ಕಾರಿನಲ್ಲಿ ಅದು ವೀಲ್ ಸಿಲಿಂಡರುಗಳನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಈಗಿನ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ ಕೂಡ ನೀರು ಹೀರುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಕಬ್ಬಿಣದ ಟ್ಯಾಂಕಿಗೆ ಕೇಡು. ಹದಿನೈದು ದಿನಕ್ಕೊಮ್ಮೆ, ಮಳೆಯಿಲ್ಲದ ಬೆಳಗ್ಗೆ, ಅರ್ಧ-ಮುಕ್ಕಾಲು ಗಂಟೆ ಓಡಿಸಿದರೆ ಈ ಎಲ್ಲಕ್ಕೂ ಪರಿಹಾರ. ತುಕ್ಕು ಹಿಡಿಯುವುದಕ್ಕಿಂತ ಸವೆಯುವುದು ಲೇಸು ಎಂಬ ಮಾತು ಮನುಷ್ಯರಿಗೆ ಹೇಳಿದ್ದಾದರೂ ಕಾರಿಗೆ ಅಕ್ಷರಶಃ ಸತ್ಯ.

ಇಲ್ಲಿ ಕಾನೂನಿನ ಮಾತೂ ಬರುತ್ತದೆ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಕಳೆದುಕೊಳ್ಳದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರಿನಲ್ಲಿ 'ವಿಎ' ಅಕ್ಷರ ಸೇರುತ್ತದೆ. ಆದರೆ ಅಂಥ ವಾಹನವನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ನಿರ್ವಹಣೆ ಇಂಥವುಗಳಿಗಷ್ಟೇ ಅವಕಾಶ. ಪದ್ಮಿನಿ ಹೆಸರಿನ ಮೊದಲ ಕಾರುಗಳು ಈಗಷ್ಟೇ 50 ದಾಟಿವೆ. ಹೊಗೆ, ದಟ್ಟಣೆಯ ದೃಷ್ಟಿಯಿಂದ ನಿರ್ಬಂಧಕ್ಕೆ ಅರ್ಥವಿದೆ. ಆದರೆ 'ನಿರ್ವಹಣೆ' ಎಂದರೆ ಗ್ಯಾರೇಜಿಗೆ ಹೋಗಿ ಬರುವುದಷ್ಟೇ ಎಂದು ರಸ್ತೆಯಲ್ಲಿ ತಡೆದ ಪೊಲೀಸರು ಅರ್ಥ ಮಾಡಿದರೆ, ಪರಂಪರೆ ಉಳಿಸಲು ಬಂದ ನಿಯಮವೇ ಆ ಪರಂಪರೆಯನ್ನು ಶೆಡ್ಡಿನಲ್ಲಿ ಕೊಳೆಸುತ್ತದೆ. ತಿಂಗಳಿಗೆ ಇಷ್ಟು ಕಿಲೋಮೀಟರ್ ಓಡಾಟವೂ ನಿರ್ವಹಣೆಯೇ ಎಂಬ ಸ್ಪಷ್ಟನೆ ಬೇಕು. ಹಳೆ ಕಾರುಗಳ ಕ್ಲಬ್ಬುಗಳು ಕೇಳಬೇಕಾದದ್ದು ಇದನ್ನು.

ಕ್ಲಬ್ಬುಗಳು ತಮ್ಮ ಮನೆಯನ್ನೂ ಗುಡಿಸಿಕೊಳ್ಳಬೇಕು. ರ್‍ಯಾಲಿಯ ಬಹುಮಾನ ಹೊಳಪಿಗೆ ಸಿಗುವವರೆಗೆ ಗ್ಯಾರೇಜು ಹೊಳಪನ್ನೇ ಮಾರುತ್ತದೆ. ಡೆಂಟಿಂಗ್ ಕೆಲಸಗಾರನ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಅವನಿಗೆ ಕೂಲಿ ಸಿಗುವುದು ಕಾಣುವ ಕೆಲಸಕ್ಕೆ. ಗ್ಯಾಸ್ ವೆಲ್ಡಿಂಗಿನಲ್ಲಿ ತೆಳು ತಗಡನ್ನು ಸೊಟ್ಟಗಾಗದಂತೆ ಬೆಸೆಯಬಲ್ಲ, ಸುತ್ತಿಗೆಯಿಂದ ಮಡ್‌ಗಾರ್ಡಿನ ವಕ್ರವನ್ನು ಮತ್ತೆ ಎಬ್ಬಿಸಬಲ್ಲ ಕೈಗಳು ಈಗಲೂ ಇವೆ. ಯಜಮಾನ ಎರಡು ದಿನದ ವೆಲ್ಡಿಂಗ್ ಕೂಲಿಗೆ ಚೌಕಾಸಿ ಮಾಡಿ, ಪೇಂಟಿನ ಬ್ರ್ಯಾಂಡಿಗೆ ಕೇಳಿದಷ್ಟು ಕೊಟ್ಟರೆ ಆ ಕೈಗಳೂ ಪುಟ್ಟಿಯನ್ನೇ ಮೆತ್ತುತ್ತವೆ.

ಮೂಲದಲ್ಲಿ ಇಲ್ಲದ ಮೇಣ, ಎಪಾಕ್ಸಿ ಹಾಕಿದರೆ ಕಾರಿನ ಅಸಲಿತನ ಕೆಡುವುದಿಲ್ಲವೇ ಎಂಬ ಆಕ್ಷೇಪ ಇದೆ. ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಕಾರನ್ನು ಮಾಡಿದವರು ಅದು ಅರ್ಧ ಶತಮಾನ ಬಾಳಬೇಕೆಂದು ಲೆಕ್ಕ ಹಾಕಿದವರಲ್ಲ. ಮೇಣವನ್ನು ಸಾಲ್ವೆಂಟ್ ಹಾಕಿ ತೊಳೆದುಬಿಡಬಹುದು. ಕೊಳೆತ ಸಿಲ್ ಕತ್ತರಿಸಿ ಹೊಸದು ಹಾಕಿದರೆ ಮೂಲ ತಗಡು ಮತ್ತೆ ಬರುವುದಿಲ್ಲ. ಅಸಲಿತನದ ಮೇಲೆ ನಿಜವಾದ ಪ್ರೀತಿ ಇರುವವರು ಆ ತಗಡನ್ನೇ ಮೊದಲು ಕಾಯಬೇಕು. ಅದರಲ್ಲೂ ಬಣ್ಣ ಮಾಸಿದ್ದರೂ ತಗಡು ಗಟ್ಟಿಯಿರುವ ಕಾರನ್ನು ಬಿಚ್ಚಿ ಹೊಸದು ಮಾಡುವ ಬದಲು, ಒಳಗೆ ಮೇಣ ಹಾಕಿ ಹಾಗೆಯೇ ಓಡಿಸುವುದು ಹೆಚ್ಚಿನ ಮರ್ಯಾದೆ.

ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ಕನ್ನಡದಲ್ಲಿ ಬಹಳ ಕಾಲದಿಂದ ಇದೆ. ಅದನ್ನು ಸುಳ್ಳು ಮಾಡುವ ಅವಕಾಶ ಈ ಕಾರುಗಳ ಯಜಮಾನರಿಗಿದೆ. ಗ್ಯಾರೇಜಿಗೆ ಕಾರು ಬಿಡುವಾಗ ಬಣ್ಣದ ಕಾರ್ಡು ನೋಡುವ ಮೊದಲು ಮೂರು ಮಾತು ಕೇಳಲಿ: ಸಿಲ್ ಒಳಗೆ ಏನು ಹಾಕುತ್ತೀರಿ, ನೀರು ಹೋಗುವ ತೂತುಗಳನ್ನು ತೋರಿಸಿ, ಪ್ರೈಮರ್ ಬಳಿಯುವ ಮೊದಲು ಬರೀ ತಗಡಿನ ಫೋಟೋ ಕಳಿಸಿ. ಉತ್ತರ ಬಂದ ಮೇಲೆ ಬಣ್ಣ ಆರಿಸಲಿ. ಕಾರು ಮನೆಗೆ ಬಂದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ಗುರುತು ಹಾಕಲಿ: ಮೇ ತಿಂಗಳಲ್ಲಿ ಮೇಣ, ಹದಿನೈದು ದಿನಕ್ಕೊಮ್ಮೆ ಓಡಾಟ. ಆಗ ಅಪ್ಪ ಕೊಂಡ ಕಾರು ಮೊಮ್ಮಕ್ಕಳಿಗೆ ಫೋಟೋದಲ್ಲಲ್ಲ, ರಸ್ತೆಯ ಮೇಲೆ ಸಿಗುತ್ತದೆ.